ನಿದ್ದೆ ಮಾತ್ರೆ: ಚೀಟಿಯಲ್ಲಿ ಅವಧಿ ಬರೆಯಲಿ



ಪೀಣ್ಯದಲ್ಲಿ ರಾತ್ರಿ ಪಾಳಿ ಮುಗಿಸಿ ಬಂದವರಿಗೆ ಹಗಲು ನಿದ್ದೆ ಹತ್ತುವುದಿಲ್ಲ. ನಮ್ಮ ಜೊತೆಯ ಟರ್ನರ್ ಒಬ್ಬರಿಗೆ ಆಸ್ಪತ್ರೆಯಲ್ಲಿ ಆಲ್‌ಪ್ರಜೋಲಮ್ ಬರೆದುಕೊಟ್ಟರು. ಎಷ್ಟು ದಿನ ಎಂದು ಬರೆಯಲಿಲ್ಲ. ಮಡಿಕೆಯಲ್ಲಿ ಹರಿದುಹೋದ ಅದೇ ಚೀಟಿ ತೋರಿಸಿ ಈಗಲೂ ಮಾತ್ರೆ ತರುತ್ತಾರೆ. ಈ ಮಾತ್ರೆ 2014ರಿಂದ ಬಿಗಿ ನಿಗಾ ಇರುವ ಔಷಧಗಳ ಎಚ್‌1 ಪಟ್ಟಿಯಲ್ಲಿದೆ. ಅಂಗಡಿಯವರು ಮಾರಾಟವನ್ನು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು 3 ವರ್ಷ ಇಟ್ಟಿರಬೇಕು. ಔಷಧ ನಿಯಂತ್ರಣ ಇಲಾಖೆ ಅದನ್ನೊಮ್ಮೆ ತೆರೆದು ನೋಡಲಿ.

ಈಗೀಗ ಕೆಲವು ವೈದ್ಯರು ಎರಡು ವಾರಕ್ಕಷ್ಟೇ ಬರೆಯುತ್ತಿರುವುದು ಒಳ್ಳೆಯದೇ. ಆದರೆ ಬಹುಕಾಲ ನುಂಗಿದವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರುವ ಅಪಾಯವಿದೆ. ಹಂತ ಹಂತವಾಗಿ ಇಳಿಸಬೇಕು. ಅದಕ್ಕೆ ಈ ಭಾಗದ ಇಎಸ್‌ಐ ಚಿಕಿತ್ಸಾಲಯಗಳಲ್ಲಿ ಪಾಳಿ ಬಿಡುವ ಹೊತ್ತಿಗೆ ಮನೋವೈದ್ಯರು ಸಿಗುವಂತಾಗಲಿ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416 ಸಂಖ್ಯೆಯನ್ನು ಕಾರ್ಖಾನೆಗಳ ಗೇಟಿನಲ್ಲಿ ಬರೆಸಲು ಎಷ್ಟು ಖರ್ಚಾದೀತು?

– ಓದುಗ, ಪೀಣ್ಯ 2ನೇ ಹಂತ, ಬೆಂಗಳೂರು