ಟೈಂಪಾಸ್ ಎಂಬ ಬೈಗುಳ

ಕೊರೊನಾ ಕಾಲದಲ್ಲಿ ಜನ ಸಿನೆಮಾ ನೋಡಿ, ಮೊಬೈಲಿನಲ್ಲಿ ಆಟ ಆಡಿ, ಪದ್ಯ ಕೇಳಿ ಹಾಳಾದರು ಎಂದು ಹೇಳುವುದು ಈಗ ನಮ್ಮ ಕಡೆ ಒಂದು ಘನತೆಯ ಮಾತಾಗಿಬಿಟ್ಟಿದೆ. ಶಾಲಾ ವಾರ್ಷಿಕೋತ್ಸವದ ವೇದಿಕೆ ಇರಲಿ, ಸಂಘದ ಮಹಾಸಭೆ ಇರಲಿ, ಪಂಜದ ಪೇಟೆಯಲ್ಲಿ ಚಾ ಕುಡಿಯುವ ಬೆಂಚೇ ಇರಲಿ, ಮೈಕ್ ಸಿಕ್ಕಿದವರೂ ಸಿಗದವರೂ ಇದನ್ನೇ ಹೇಳುತ್ತಾರೆ. ‘ಅಲ್ಲಿ ಜನ ಉಸಿರಿಲ್ಲದೆ ಸಾಯುತ್ತಿದ್ದರು, ಇಲ್ಲಿ ಇವರಿಗೆ ಟೈಂಪಾಸ್’ ಎಂಬುದು ಅದರ ಪಲ್ಲವಿ. ಕೇಳಿ ಕೇಳಿ ನನಗೆ ಸಾಕಾಗಿದೆ. ಆ ಎರಡು ವರ್ಷ ನಾನು ಸಿನೆಮಾ ನೋಡಿದವನು, ಆಟ ಆಡಿದವನು, ರಾತ್ರಿ ಎರಡು ಗಂಟೆಯ ತನಕ ಕಿವಿಗೆ ವಯರು ಸಿಕ್ಕಿಸಿಕೊಂಡು ಭಾಗವತಿಕೆ ಕೇಳಿದವನು. ಅದಕ್ಕಾಗಿ ನನಗೆ ಎಳ್ಳಿನಷ್ಟೂ ನಾಚಿಕೆಯಿಲ್ಲ. ನಾಚಿಕೆ ಪಡಬೇಕಾದ ಸಂಗತಿ ಬೇರೆ ಇದೆ, ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಬೈಯುವವರನ್ನೇ ವಿಚಾರಿಸೋಣ. 2020ರ ಮಾರ್ಚ್ 14ರಿಂದ ರಾಜ್ಯದ ಚಿತ್ರಮಂದಿರಗಳಿಗೆ ಬೀಗ ಬಿತ್ತು. 22ಕ್ಕೆ ಜನತಾ ಕರ್ಫ್ಯೂ, 25ರಿಂದ ಇಡೀ ದೇಶಕ್ಕೆ ಲಾಕ್‌ಡೌನ್. 28ನೇ ತಾರೀಕು ದೂರದರ್ಶನದವರು ರಮಾನಂದ ಸಾಗರರ ರಾಮಾಯಣವನ್ನು ಪೆಟ್ಟಿಗೆಯಿಂದ ಹೊರತೆಗೆದರು. ಬೆಳಿಗ್ಗೆ ಒಂಬತ್ತಕ್ಕೊಂದು ಕಂತು, ರಾತ್ರಿ ಒಂಬತ್ತಕ್ಕೊಂದು ಕಂತು. ಇಂದು ಮೈಕಿನ ಮುಂದೆ ನಿಂತು ಟೈಂಪಾಸನ್ನು ಖಂಡಿಸುವ ಹಿರಿಯರೆಲ್ಲ ಅಂದು ಮೊಸರು ಕಡೆಯುವವರನ್ನೂ ಸುಮ್ಮನಿರಿಸಿ ಟೀವಿಯ ಮುಂದೆ ಕೂತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಏಪ್ರಿಲ್ 16ರ ಕಂತನ್ನು 7.7 ಕೋಟಿ ಜನ ನೋಡಿದರೆಂದು ದೂರದರ್ಶನವೇ ಹೆಮ್ಮೆಯಿಂದ ಸಾರಿತು. 1987ರಲ್ಲಿ ಮೊದಲು ಬಂದ ಧಾರಾವಾಹಿ ಅದು. ಲಕ್ಷ್ಮಣ ಬೀಳುತ್ತಾನೆ, ಹನುಮಂತ ಬೆಟ್ಟ ಹೊತ್ತು ತರುತ್ತಾನೆ ಎಂಬುದು ಹುಟ್ಟಿದ ಮಗುವಿಗೂ ಗೊತ್ತು. ಆದರೂ ನೋಡಿದರು. ನೋಡಿದ್ದು ಸರಿಯೇ. ಭಯ ಹೊಕ್ಕಾಗ ಮನುಷ್ಯನಿಗೆ ಹೊಸ ಸುದ್ದಿ ಬೇಡ, ಕೊನೆ ಗೊತ್ತಿರುವ ಕತೆ ಬೇಕು. ನನ್ನ ತಕರಾರು ಇಷ್ಟೇ: ಅವರು ನೋಡಿದರೆ ಭಕ್ತಿ, ನಾನು ‘ಬಂಗಾರದ ಮನುಷ್ಯ’ವನ್ನು ಮೂರನೆಯ ಸಲ ನೋಡಿದರೆ ಟೈಂಪಾಸ್. ಇದ್ಯಾವ ನ್ಯಾಯ ಮಾರಾಯ್ರೇ?

ಇನ್ನು ‘ಜನ ಸಾಯುವಾಗ ಆಟವೇ?’ ಎಂಬ ಪ್ರಶ್ನೆ. ತುಳುನಾಡಿನ ಮಣ್ಣಿನಲ್ಲಿ ಹುಟ್ಟಿ ಬೆಳೆದವರು ಇದನ್ನು ಕೇಳಿದರೆ ನನಗೆ ಸಿಟ್ಟಿಗಿಂತ ಹೆಚ್ಚಾಗಿ ಆಶ್ಚರ್ಯವಾಗುತ್ತದೆ. ನಮ್ಮಲ್ಲಿ ರೋಗದ ತಿಂಗಳಿಗೆ ಒಂದು ಹೆಸರೇ ಇದೆ, ಆಟಿ. ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ. ಬಿಡದ ಮಳೆ, ಖಾಲಿಯಾದ ಅಕ್ಕಿಮುಡಿ, ಮನೆಗೊಂದು ಜ್ವರ. ಆಗ ಅಂಗಳಕ್ಕೆ ಬರುವವನು ಯಾರು? ಆಟಿ ಕಳೆಂಜ. ಮುಖಕ್ಕೆ ಬಣ್ಣ, ಸೊಂಟಕ್ಕೆ ತೆಂಗಿನ ಎಳೆಗರಿ, ಕೈಯಲ್ಲಿ ತಾಳೆಗರಿಯ ಕೊಡೆ, ಜತೆಗೆ ತೆಂಬರೆಯ ಬಡಿತ ಮತ್ತು ಪಾಡ್ದನ. ನಲಿಕೆಯವರು ಅಂಗಳದಲ್ಲಿ ಕೊಡೆ ತಿರುಗಿಸಿ ಕುಣಿದು ಊರಿನ ಮಾರಿಯನ್ನು ಕಳೆಯುತ್ತಾರೆಂದು ನಂಬಿಕೆ. ಮನೆಯವರು ಅಕ್ಕಿ, ತೆಂಗಿನಕಾಯಿ, ಅರಿಶಿನ ಕೊಟ್ಟು ಕಳುಹಿಸಬೇಕು. ಕುಣಿತದಿಂದ ರೋಗಾಣು ಓಡುತ್ತದೆಂದು ನಾನು ವಾದಿಸುವುದಿಲ್ಲ, ಅದಕ್ಕೆ ಲಸಿಕೆಯೇ ಬೇಕು, ನಾನೂ ಸಾಲಿನಲ್ಲಿ ನಿಂತು ಚುಚ್ಚಿಸಿಕೊಂಡವನೇ. ಆದರೆ ಮಾರಿ ಬಂದಾಗ ಹಾಡು ಕುಣಿತಗಳನ್ನು ನಿಲ್ಲಿಸಬೇಕೆಂದು ನಮ್ಮ ಹಿಂದಿನವರಿಗೆ ಅನಿಸಿರಲಿಲ್ಲ. ಅವರು ಅದನ್ನು ಮನೆಯಂಗಳಕ್ಕೇ ಕರೆದರು.

ಆಟವೂ ಹಾಗೆಯೇ. ಚೆನ್ನೆಮಣೆ ಅಟ್ಟದಿಂದ ಇಳಿಯುವುದು ಆಟಿಯಲ್ಲಿ. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ ಐವತ್ತಾರು ಮಂಜೊಟ್ಟಿ ಕಾಯಿ. ಆಟದ ಅಪಾಯ ಗೊತ್ತಿಲ್ಲದವರೇನೂ ಅಲ್ಲ ನಮ್ಮ ಹಿರಿಯರು. ಸಿರಿ ಪಾಡ್ದನದಲ್ಲಿ ಅಬ್ಬಗ ದಾರಗ ಎಂಬ ಅವಳಿ ಅಕ್ಕತಂಗಿಯರು ಚೆನ್ನೆ ಆಡುತ್ತ ಜಗಳವಾಡಿ, ಅಬ್ಬಗ ಅದೇ ಮಣೆಯಿಂದ ಹೊಡೆದು ದಾರಗಳನ್ನು ಕೊಂದು ತಾನೂ ಬಾವಿಗೆ ಹಾರಿದಳು. ಇಷ್ಟು ಘೋರ ಕತೆ ಕಟ್ಟಿದವರು ಮಣೆಯನ್ನು ಒಲೆಗೆ ಹಾಕಿದರೇ? ಇಲ್ಲ. ಯಾವಾಗ ಆಡಬೇಕು, ಯಾರೊಡನೆ ಆಡಬಾರದು ಎಂದು ಒಂದು ಕಟ್ಟಳೆ ಮಾಡಿದರು, ಅಷ್ಟೇ. ನಮ್ಮ ಮನೆಯಲ್ಲಿ 2020ರಲ್ಲಿ ಚೆನ್ನೆಮಣೆ ಏಪ್ರಿಲಿನಲ್ಲೇ ಕೆಳಗಿಳಿಯಿತು. ಆಟಿಯಲ್ಲದೆ ಆಡಬಾರದೆಂದು ಅತ್ತೆ ಆಕ್ಷೇಪ ಎತ್ತಿದರು. ಈ ವರ್ಷ ಆಟಿ ಮಾರ್ಚಿಗೇ ಸುರುವಾಗಿದೆಯಲ್ಲ ಎಂದೆ. ಸ್ವಲ್ಪ ಹೊತ್ತು ಯೋಚಿಸಿ ಅವರೇ ಮಣೆಯ ಎದುರು ಬಂದು ಕೂತರು, ಮತ್ತು ನಮ್ಮೆಲ್ಲರನ್ನೂ ಸೋಲಿಸಿದರು.

ಸಿನೆಮಾದ ಮಾತಿಗೆ ಬರುತ್ತೇನೆ. ಸಿನೆಮಾ ನೋಡಬೇಕಾದರೆ ಪುತ್ತೂರಿಗೋ ಸುಳ್ಯಕ್ಕೋ ಬಸ್ಸು ಹಿಡಿಯಬೇಕಿದ್ದ ಕಾಲದವನು ನಾನು. ರಾತ್ರಿ ಬಸ್ಸು ತಪ್ಪೀತೆಂದು ಎಷ್ಟೋ ಚಿತ್ರಗಳ ಕೊನೆಯ ಹತ್ತು ನಿಮಿಷ ನೋಡದೆ ಎದ್ದು ಬಂದದ್ದುಂಟು. ಲಾಕ್‌ಡೌನಿನಲ್ಲಿ ಆ ಕೊನೆಗಳನ್ನೆಲ್ಲ ಹುಡುಕಿ ಹುಡುಕಿ ನೋಡಿದೆ. ಜಿ.ವಿ. ಅಯ್ಯರರ ‘ಹಂಸಗೀತೆ’ಯನ್ನು ನಿಧಾನವಾಗಿ, ಹಾಡುಗಳನ್ನು ಹಿಂದೆ ಮುಂದೆ ಮಾಡಿ ಕೇಳಿದೆ. ಕಾಸರಗೋಡು ನಮಗೆ ದೂರವಲ್ಲ, ಮಲಯಾಳ ಕಿವಿಗೆ ಅಷ್ಟೇನೂ ಅನ್ಯವಲ್ಲ. ಹಾಗಾಗಿ ಆ ಚಿತ್ರಗಳನ್ನೂ ಬಿಡಲಿಲ್ಲ. ‘ಸಿ ಯು ಸೂನ್’ ಎಂಬ ಚಿತ್ರ 2020ರ ಸೆಪ್ಟೆಂಬರ್ 1ಕ್ಕೆ ಬಂತು. ಲಾಕ್‌ಡೌನಿನ ಒಳಗೇ, ಫೋನು ಕಂಪ್ಯೂಟರುಗಳ ಪರದೆಯನ್ನೇ ರಂಗಸ್ಥಳ ಮಾಡಿಕೊಂಡು ತೆಗೆದ ಚಿತ್ರ. ಮನೆಯೊಳಗೆ ಸಿಕ್ಕಿಬಿದ್ದವರೂ ಕೆಲಸ ಮಾಡಬಹುದೆಂದು ತೋರಿಸಿದ ಆ ಜನರಿಗೆ ಟೈಂಪಾಸ್ ಎಂದು ಹೇಳುವ ಧೈರ್ಯ ಯಾರಿಗಿದೆ?

ಆಮೇಲೆ 2021ರ ಜನವರಿಯಲ್ಲಿ ‘ದಿ ಗ್ರೇಟ್ ಇಂಡಿಯನ್ ಕಿಚನ್’. ಜಿಯೋ ಬೇಬಿ ನಿರ್ದೇಶಿಸಿದ ಈ ಚಿತ್ರ ಮೊದಲು ಬಂದದ್ದು ಒಂದು ಸಣ್ಣ ಮಲಯಾಳ ತಾಣದಲ್ಲಿ. ಕತೆ ಏನು? ಒಬ್ಬಳು ಹೆಣ್ಣುಮಗಳು ತರಕಾರಿ ಕೊಚ್ಚುತ್ತಾಳೆ, ಬೇಯಿಸುತ್ತಾಳೆ, ತಿಕ್ಕುತ್ತಾಳೆ, ಸೋರುವ ನಳ್ಳಿಯ ಕೊಳಕು ನೀರನ್ನು ಬಾಚುತ್ತಾಳೆ. ಮರುದಿನ ಮತ್ತೆ ಅದೇ. ಆ ವರ್ಷ ಗಂಡಸರು ಮಕ್ಕಳೆಲ್ಲ ಮೂರು ಹೊತ್ತೂ ಮನೆಯಲ್ಲೇ ಇದ್ದು, ಗಂಟೆಗೊಮ್ಮೆ ಚಾ ಕೇಳಿ, ನಮ್ಮ ಮನೆಗಳ ಹೆಂಗಸರ ಬೆನ್ನು ಮುರಿದಿತ್ತು. ಕೆಲಸ ಮುಗಿಸಿ ಬಂದು ಅವರು ಆ ಚಿತ್ರ ನೋಡಿದರು, ನಾವೂ ನೋಡಿದೆವು. ಮುಗಿದ ಮೇಲೆ ಯಾರೂ ಮಾತಾಡಲಿಲ್ಲ. ಮರುದಿನ ಮಧ್ಯಾಹ್ನ ಗಂಡಸರ ಬಟ್ಟಲುಗಳನ್ನು ಗಂಡಸರೇ ತೊಳೆದಿಟ್ಟರು. ಅದು ಒಂದೇ ವಾರ ನಡೆಯಿತು ಎಂಬುದು ಬೇರೆ ಮಾತು. ನಲವತ್ತು ವರ್ಷದ ಸ್ತ್ರೀ ಸಬಲೀಕರಣ ಭಾಷಣಗಳಿಂದ ನಮ್ಮ ಮನೆಯಲ್ಲಿ ಒಂದು ಲೋಟವೂ ತೊಳೆಯಲ್ಪಟ್ಟಿರಲಿಲ್ಲ.

ಮಕ್ಕಳ ಆಟದ ಬಗ್ಗೆ ಹೆಚ್ಚು ಕೂಗುವವರಿಗೆ ಒಂದು ಮಾತು. ಪಬ್‌ಜಿ ಮಕ್ಕಳನ್ನು ಕೆಡಿಸಿತು ಎಂದಿರಿ. ಸರಕಾರ 2020ರ ಸೆಪ್ಟೆಂಬರ್ 2ರಂದು ಅದನ್ನು ನಿಷೇಧಿಸಿದಾಗ, ನಿಷೇಧದ ಕಾರಣ ದೇಶದ ಭದ್ರತೆಯೇ ಹೊರತು ಮಕ್ಕಳ ಚಿಂತೆಯಲ್ಲವಾದರೂ, ಪಟಾಕಿ ಹೊಡೆಯುವಷ್ಟು ಖುಷಿಪಟ್ಟಿರಿ. ಅದೇ ತಿಂಗಳು 19ಕ್ಕೆ ಅರಬರ ನಾಡಿನಲ್ಲಿ ಐಪಿಎಲ್ ಸುರುವಾಯಿತು. ಆ ವರ್ಷದ ಪ್ರಾಯೋಜಕರೇ ಹಣ ಕಟ್ಟಿ ತಂಡ ಮಾಡುವ ಆಟದವರು, ಡ್ರೀಮ್ ಇಲೆವೆನ್. ಅಪ್ಪಂದಿರು ಮಾವಂದಿರೆಲ್ಲ ರಾತ್ರಿಯಿಡೀ ತಂಡ ಕಟ್ಟಿದರು. ಮಗ ಕಾಸು ಕಳೆಯದೆ ಗೆಳೆಯರೊಡನೆ ಗುಂಡು ಹಾರಿಸಿದರೆ ಸರ್ವನಾಶ, ಅಪ್ಪ ಕಾಸು ಕಳೆದರೆ ಕ್ರಿಕೆಟ್ ಜ್ಞಾನ! ಹಣದ ಆಟಗಳನ್ನು ಸಂಸತ್ತು ನಿಷೇಧಿಸಿದ್ದು 2025ರ ಆಗಸ್ಟಿನಲ್ಲಿ. ಅಷ್ಟು ವರ್ಷ ನಮ್ಮ ವೇದಿಕೆಗಳಲ್ಲಿ ಈ ಬಗ್ಗೆ ಒಂದು ಸೊಲ್ಲೂ ನಾನು ಕೇಳಿಲ್ಲ. ಕೆಲವು ಮಕ್ಕಳು ಮಿತಿ ಮೀರಿದರು, ನಿದ್ದೆಗೆಟ್ಟರು, ಅದು ಸುಳ್ಳಲ್ಲ. ಆದರೆ ಶಾಲೆಯಿಲ್ಲ, ಮೈದಾನವಿಲ್ಲ, ನೆರೆಮನೆಗೆ ಹೋಗುವ ಹಾಗಿಲ್ಲ. ಹನ್ನೆರಡು ವರ್ಷದ ಹುಡುಗ ಗೆಳೆಯನ ಸ್ವರ ಕೇಳಲು ಬೇರೆಲ್ಲಿಗೆ ಹೋಗಬೇಕಿತ್ತು? ಪುತ್ತೂರಿನ ಬಾಲವನದಲ್ಲಿ ಕಾರಂತರು ಮಕ್ಕಳಿಗೆ ಕಲಿಸಲು ಹೊರಟದ್ದೇ ಆಟ ಕುಣಿತಗಳ ಮೂಲಕ. ಅವರ ಹೆಸರನ್ನು ಭಾಷಣದ ಮೊದಲ ವಾಕ್ಯದಲ್ಲಿ ಹೇಳಿ ಎರಡನೆಯ ವಾಕ್ಯದಲ್ಲಿ ಆಟವನ್ನು ಬೈಯುವವರಿಗೆ ಏನೆನ್ನಬೇಕು?

‘ಸಿನೆಮಾ ನೋಡಲು ಸಿಗ್ನಲ್ ಉಂಟು, ಪಾಠ ಕೇಳಲು ಇಲ್ಲ’ ಎಂಬ ಕುಹಕವೂ ಇದೆ. 2021ರ ಜೂನಿನಲ್ಲಿ ಗುತ್ತಿಗಾರು ಬಳಿಯ ಬಳ್ಳಕ್ಕದಲ್ಲಿ ಒಬ್ಬ ಹುಡುಗಿ ಮಳೆಯಲ್ಲಿ ರಸ್ತೆಬದಿ ಕೂತು ಎಸ್ಸೆಸ್ಸೆಲ್ಸಿ ಪಾಠ ಕೇಳುತ್ತಿದ್ದಳು, ಅಪ್ಪ ಕೊಡೆ ಹಿಡಿದು ನಿಂತಿದ್ದರು. ಆ ಚಿತ್ರ ದೇಶವೆಲ್ಲ ಸುತ್ತಿತು. ಅದಕ್ಕೆ ಕಾರಣ ಸಿನೆಮಾವೇ? ನಮ್ಮ ಗುಡ್ಡಗಳ ನಡುವೆ ಟವರಿಲ್ಲದ್ದು, ಇದ್ದ ಟವರು ಕರೆಂಟು ಹೋದೊಡನೆ ಸಾಯುವುದು ಕಾರಣ. ಸಿಗ್ನಲ್ಲಿನ ಕತೆ ದೊಡ್ಡವರನ್ನೂ ಬಿಟ್ಟಿಲ್ಲ. 2020ರ ಆಗಸ್ಟ್ 30ರಂದು ಆನ್‌ಲೈನ್ ಚೆಸ್ ಒಲಿಂಪಿಯಾಡಿನ ಫೈನಲಿನಲ್ಲಿ ರಷ್ಯದ ಎದುರು ನಮ್ಮ ನಿಹಾಲ್ ಸರಿನ್, ದಿವ್ಯಾ ದೇಶಮುಖ್ ಇಬ್ಬರದೂ ಸಂಪರ್ಕ ಕಡಿದುಹೋಯಿತು. ದೂರು ಕೊಟ್ಟ ಮೇಲೆ ಎರಡೂ ದೇಶಗಳಿಗೆ ಚಿನ್ನ ಹಂಚಿದರು. ಬಳ್ಳಕ್ಕದ ಹುಡುಗಿ ಯಾರಲ್ಲಿ ದೂರು ಕೊಡಬೇಕಿತ್ತು? ಅಂದು ಟವರಿಗಾಗಿ ಒಂದು ಅರ್ಜಿ ಬರೆಯದವರು ಇಂದು ಮೊಬೈಲಿನ ದುಷ್ಪರಿಣಾಮದ ಬಗ್ಗೆ ಮುಕ್ಕಾಲು ಗಂಟೆ ಮಾತಾಡುತ್ತಾರೆ.

ನಾಚಿಕೆಯ ಸಂಗತಿ ಎಂದೆನಲ್ಲ, ಅದು ಇದು. ನಾವು ಕೇಳಿದ ಪದ್ಯ ಹಾಡಿದವರು ಏನು ಉಂಡರು? ಯಕ್ಷಗಾನ ಮೇಳಗಳ ತಿರುಗಾಟ ಪತ್ತನಾಜೆಯ ತನಕ, ಎಂದರೆ ಮೇ ಕೊನೆಯ ವಾರದವರೆಗೆ ನಡೆಯಬೇಕು. 2020ರಲ್ಲಿ ಮಾರ್ಚಿನಲ್ಲೇ ಗೆಜ್ಜೆ ಬಿಚ್ಚಿದರು. 2021ರಲ್ಲಿ ಏಪ್ರಿಲ್ ಕೊನೆಗೆ ಮತ್ತೆ ಅದೇ ಗತಿ. ಆಟವಿಲ್ಲದಿದ್ದರೆ ಸಂಬಳವಿಲ್ಲ. ಮಳೆಗಾಲದಲ್ಲಿ ಚಿಕ್ಕಮೇಳ ಕಟ್ಟಿಕೊಂಡು ಸಂಜೆ ಹೊತ್ತು ಮನೆಮನೆಗೆ ಹೋಗಿ ನಾಲ್ಕು ಕಾಸು ನೋಡುತ್ತಿದ್ದ ಕಲಾವಿದರಿಗೆ ಆ ಬಾಗಿಲೂ ಮುಚ್ಚಿತು. 2021ರ ಮೇ ತಿಂಗಳಲ್ಲಿ ರಾಜ್ಯ ಸರಕಾರ ಘೋಷಿಸಿದ ನೆರವು ಕಲಾವಿದರೊಬ್ಬರಿಗೆ 3000 ರೂಪಾಯಿ. ಅದೇ ವರ್ಷ ನಮ್ಮ ಹಳೆ ಅಡಿಕೆಗೆ ಕಿಲೋಗೆ 500 ರೂಪಾಯಿ ದಾಟಿತು. ಲೆಕ್ಕ ನೀವೇ ಹಾಕಿ: ಇಡೀ ರಾತ್ರಿ ನಮ್ಮನ್ನು ಎಚ್ಚರವಾಗಿಟ್ಟ ಒಬ್ಬ ವೇಷಧಾರಿಗೆ ಸರಕಾರ ಕಟ್ಟಿದ ಬೆಲೆ ಆರು ಕಿಲೋ ಅಡಿಕೆ. ನಾವು ತೋಟದವರು ಎಷ್ಟು ಕಟ್ಟಿದೆವು? ಯೂಟ್ಯೂಬಿನಲ್ಲಿ ಪುಕ್ಕಟೆ ನೋಡಿ, ಕೆಳಗೆ ‘ಸೂಪರ್’ ಎಂದು ಬರೆದೆವು.

ಪದ್ಯಾಣ ಗಣಪತಿ ಭಟ್ಟರು 2021ರ ಅಕ್ಟೋಬರಿನಲ್ಲಿ ತೀರಿಕೊಂಡರು. ನಮ್ಮ ಸೀಮೆಯವರೇ, ಸುರತ್ಕಲ್ ಮೇಳದಲ್ಲಿ ಬಹುಕಾಲ ಹಾಡಿದವರು. ಆ ಎರಡು ವರ್ಷದ ರಾತ್ರಿಗಳಲ್ಲಿ ನನ್ನ ಕಿವಿಯಲ್ಲಿದ್ದದ್ದು ಹೆಚ್ಚಾಗಿ ಅವರ ಸ್ವರ. ತೆಂಕುತಿಟ್ಟಿನ ಚೆಂಡೆಯ ಅಬ್ಬರದ ಮೇಲೆ ಆ ಕಂಠ ಏರುವುದನ್ನು ಕೇಳುತ್ತಿದ್ದರೆ, ಆಸ್ಪತ್ರೆಯ ಹಾಸಿಗೆಯ ಲೆಕ್ಕ, ಸತ್ತವರ ಲೆಕ್ಕ, ಹದಿನಾಲ್ಕು ದಿನದ ಲೆಕ್ಕ ಇವೆಲ್ಲ ಅರ್ಧ ಗಂಟೆಯಾದರೂ ಹಿಂದೆ ಸರಿಯುತ್ತಿದ್ದವು. ಇದಕ್ಕೆ ಟೈಂಪಾಸ್ ಎಂಬ ಪದ ಸಾಲದು. ಟೈಂಪಾಸ್ ಎಂದು ಕರೆದರೆ ಒಂದು ಅನುಕೂಲ ಇದೆಯೆಂಬುದೂ ನನಗೆ ಗೊತ್ತು. ಟೈಂಪಾಸಿಗೆ ದುಡ್ಡು ಕೊಡಬೇಕಾಗಿಲ್ಲ.

ಈಗ ಮೇಳಗಳು ಮತ್ತೆ ಹೊರಟಿವೆ, ಚಿಕ್ಕಮೇಳವೂ ಬರುತ್ತದೆ. ‘ಎಲ್ಲ ಮೊಬೈಲಿನಲ್ಲೇ ಸಿಗುತ್ತದೆ, ಇನ್ನು ಗದ್ದೆಗೆ ಹೋಗಿ ಚಳಿಯಲ್ಲಿ ಕೂರುವುದು ಯಾಕೆ’ ಎಂದು ಕೇಳುವವರೂ ಹೆಚ್ಚಾಗಿದ್ದಾರೆ. ಮೊಬೈಲನ್ನು ಬೈಯುವವರೂ ಇವರೇ ಎಂಬುದು ತಮಾಷೆ. ಕಳೆದ ಮಳೆಗಾಲ ಚಿಕ್ಕಮೇಳದವರು ನಮ್ಮ ಚಾವಡಿಯಲ್ಲಿ ಇಪ್ಪತ್ತು ನಿಮಿಷ ಆಡಿ ಹೊರಟಾಗ, ಪಕ್ಕದ ಮನೆಯ ಯಜಮಾನರು ನಾಯಿ ಕಟ್ಟಿಲ್ಲವೆಂದು ಗೇಟಿನಿಂದಲೇ ಅವರನ್ನು ವಾಪಸು ಕಳುಹಿಸಿದರು. ಆ ನಾಯಿಗೆ ಹದಿಮೂರು ವರ್ಷ, ಹಲ್ಲಿಲ್ಲ.