ಊರು ಬೇರೆ ಮಾತು ಹೇಳಿದಾಗ

ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ವರ್ಷ ನಮ್ಮ ವಿಶ್ವವಿದ್ಯಾಲಯಗಳಿಗೆ ಅಕ್ಕಪಕ್ಕದ ಹಳ್ಳಿಗಳ ಮೇಲೆ ಪ್ರೀತಿ ಉಕ್ಕುತ್ತದೆ. ಊರಬಾಗಿಲಿಗೆ ಬ್ಯಾನರು, ಎನ್ನೆಸ್ಸೆಸ್ಸಿನ ಏಳು ದಿನದ ಶಿಬಿರ, ಚರಂಡಿ ಸ್ವಚ್ಛತೆ, ಸಮಾರೋಪಕ್ಕೆ ಶಾಸಕರು, ಫೋಟೊ. ಎಂಟನೇ ದಿನ ಚರಂಡಿ ಮತ್ತೆ ಮೊದಲಿನಂತೆಯೇ. ಹುಡುಗರಿಗೆ ಇದರಿಂದ ಏನೂ ಬರಲಿಲ್ಲ ಎನ್ನಲಾರೆ; ಯಾರದೋ ಜಗಲಿಯ ಮೇಲೆ ಕೂತು ಮುದ್ದೆ ನುಂಗುವುದೂ ಓದೇ. ಆದರೆ ಊರಿಗೆ ಏನು ದಕ್ಕಿತು?

ಹಳ್ಳಿಯ ಜೊತೆಗಿನ ಈ ಕೆಲಸವನ್ನು ಬೇರೆ ರೀತಿ ಮಾಡಿದವರು ನಮ್ಮಲ್ಲೇ ಇದ್ದರು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಜ್ಞಾನಿ ಅಮೂಲ್ಯ ರೆಡ್ಡಿ ಮತ್ತು ಸಂಗಡಿಗರು ಹಳ್ಳಿಗಳಿಗಾಗಿಯೇ ‘ಅಸ್ತ್ರ’ ಎಂಬ ವಿಭಾಗ ಕಟ್ಟಿದರು. ಹೊಗೆ ಕುಡಿದು ಕಣ್ಣು ಕೆಂಪಾದ ಹೆಂಗಸರಿಗೆ ಅಸ್ತ್ರ ಒಲೆಯ ಹೆಸರು ಗೊತ್ತು. ಆ ಒಲೆ ಬಂದದ್ದು ಈ ವಿಭಾಗದಿಂದಲೇ. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅವರು ಕೇಂದ್ರ ಹೂಡಿದರು. ಯಾವ ಮನೆ ಎಷ್ಟು ಸೌದೆ ಉರಿಸುತ್ತದೆ, ಅದನ್ನು ಹೊತ್ತು ತರಲು ಯಾರಿಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಲೆಕ್ಕ ಹಾಕಿದರು.

ಹತ್ತಿರದ ಪುರ ಎಂಬ ಪುಟ್ಟ ಹಳ್ಳಿಯಲ್ಲಿ ಇಡೀ ಊರಿಗೊಂದು ಗೋಬರ್ ಗ್ಯಾಸ್ ಸ್ಥಾವರ ಕಟ್ಟಿ ಅಡುಗೆಗೆ ಅನಿಲ ಕೊಡುವುದು ಅವರ ಯೋಜನೆ. ಅದು ಕೈಗೂಡಲಿಲ್ಲ. ಎಲ್ಲರ ಒಲೆಗೆ ಸಾಲುವಷ್ಟು ಅನಿಲ ಹುಟ್ಟಲಿಲ್ಲ. ಅಲ್ಲದೆ ಜನಕ್ಕೆ ಮೊದಲು ಬೇಕಾಗಿದ್ದದ್ದು ಕುಡಿಯುವ ನೀರು. ಆಗ ವಿಜ್ಞಾನಿಗಳು ತಮ್ಮ ನಕ್ಷೆಯನ್ನೇ ಬದಲಿಸಿದರು. 1987ರಿಂದ ಅದೇ ಅನಿಲದಲ್ಲಿ, ಒಂದಿಷ್ಟು ಡೀಸೆಲ್ ಬೆರೆಸಿ, 5 ಕಿಲೋವಾಟ್‌ನ ಎಂಜಿನ್ ಓಡಿತು. ಕೊಳವೆಬಾವಿಯ ನೀರು ಮನೆಗಳತ್ತ ಹರಿಯಿತು, ದೀಪ ಹತ್ತಿತು. ಬೆಳಿಗ್ಗೆ ಬುಟ್ಟಿಯಲ್ಲಿ ಬಂದ ಸಗಣಿಯನ್ನು ತೂಗಿ ಕೆಜಿಗೆ ಇಷ್ಟೆಂದು ಕಾಸು ಕೊಡುತ್ತಿದ್ದರು. ಅನಿಲ ತೆಗೆದ ರಾಡಿ ಗೊಬ್ಬರವಾಗಿ ತಂದವರ ಗುಂಡಿಗೇ ವಾಪಸು. ಸ್ಥಾವರ ನಡೆಸಿದವರು ಊರಿನ ಹುಡುಗರು.

ಎಂಜಿನ್ನಿಗಿಂತ ನನಗೆ ದೊಡ್ಡದಾಗಿ ಕಾಣುವುದು ಆ ಬದಲಾವಣೆ. ಊರು ಹೇಳಿದ್ದನ್ನು ಕೇಳಿ ಪ್ರೊಫೆಸರು ತಮ್ಮ ಲೆಕ್ಕ ತಿದ್ದಿಕೊಂಡದ್ದು. ಅದಕ್ಕೆ ವರ್ಷಗಟ್ಟಲೆ ಅಲ್ಲೇ ಓಡಾಡಿಕೊಂಡಿರಬೇಕಾಗುತ್ತದೆ. ಕೇಂದ್ರ ಸರ್ಕಾರ 2014ರಲ್ಲಿ ಶುರುಮಾಡಿದ ಉನ್ನತ ಭಾರತ ಅಭಿಯಾನದಲ್ಲಿ ಒಂದೊಂದು ಶಿಕ್ಷಣ ಸಂಸ್ಥೆಗೂ ಐದೈದು ಹಳ್ಳಿಯ ದತ್ತು. ಸರಿ, ಆದರೆ ಓಡಾಡುವವರು ಯಾರು? ವರ್ಷ ಮುಗಿದರೆ ಕೆಲಸ ಉಳಿಯುತ್ತದೋ ಇಲ್ಲವೋ ಎಂಬ ಅತಿಥಿ ಉಪನ್ಯಾಸಕರೇ? ಕಾಯಂ ಹುದ್ದೆ ತುಂಬದೆ ಸಹಭಾಗಿತ್ವದ ಒಡಂಬಡಿಕೆಗೆ ಸಹಿ ಹಾಕುವುದು ಬರೀ ಕಾಗದದ ಖರ್ಚು.

ದುಡ್ಡಿಲ್ಲದೆಯೂ ಆಗುವ ಕೆಲಸ ಒಂದಿದೆ. ಎಂಎಸ್ಸಿ, ಎಂಎಸ್‌ಡಬ್ಲ್ಯು ವಿದ್ಯಾರ್ಥಿಗಳು ಹೇಗೂ ಪ್ರಾಜೆಕ್ಟ್ ಬರೆಯಲೇಬೇಕು. ಹಳೆಯದೊಂದನ್ನು ಡಿಟಿಪಿ ಅಂಗಡಿಯಲ್ಲಿ ತಿದ್ದಿಸಿ ಕೊಡುವುದೂ ಉಂಟು. ಅದರ ಬದಲು, ಬೋರಿನ ನೀರಲ್ಲಿ ಫ್ಲೋರೈಡ್ ಎಷ್ಟು, ಕೆರೆಗೆ ನೀರು ತರುವ ಕಾಲುವೆ ಎಲ್ಲಿ ಮುಚ್ಚಿಹೋಯಿತು, ಏಳನೇ ಕ್ಲಾಸಿನ ಬಳಿಕ ಹುಡುಗಿಯರು ಯಾಕೆ ಶಾಲೆ ಬಿಟ್ಟರು ಎಂಬ ಪ್ರಶ್ನೆಗಳನ್ನು ಗ್ರಾಮಸಭೆಯಿಂದಲೇ ಪಡೆಯಲಿ. ಉತ್ತರವನ್ನೂ ಅದೇ ಸಭೆಯಲ್ಲಿ, ಕನ್ನಡದಲ್ಲಿ ಓದಲಿ. ಅಂಕ ಕೊಡುವಾಗ ಊರಿನವರಿಗೂ ಹತ್ತು ಅಂಕ ಬಿಟ್ಟುಕೊಟ್ಟರೆ ಯಾವ ಕುಲಪತಿಯ ಗಂಟೂ ಹೋಗುವುದಿಲ್ಲ.