ಹಾಜರಿಗೆ ಓಗೊಡದ ಎಂಜಿನ್



ಹಾಜರಿ ಕೂಗುವಾಗ ಒಂದು ಹೆಸರಿಗೆ ಉತ್ತರ ಬಾರದಿದ್ದರೆ ಹುಡುಗ ಶಾಲೆಗೇ ಬಂದಿಲ್ಲವೆಂದು ತೀರ್ಮಾನಿಸಲಾಗದು. ಗದ್ದಲದಲ್ಲಿ ಅವನ ದನಿ ಅಡಗಿರಲೂಬಹುದು. ಕಾರಿನ ಕಂಪ್ಯೂಟರ್ ‘ಎಂಜಿನ್ ವೇಗದ ಸಂಕೇತ ಬರುತ್ತಿಲ್ಲ’ ಎಂದು ದೂರಿದಾಗಲೂ ಅಷ್ಟೇ ವಿವೇಚನೆ ಬೇಕು. ಕೋಡ್ ಓದಿದೊಡನೆ ಸೆನ್ಸರ್ ಬದಲಿಸುವ ಪದ್ಧತಿಯನ್ನು ನಾನು ಒಪ್ಪಲಾರೆ.

ಕ್ರ್ಯಾಂಕ್ ಶಾಫ್ಟಿನೊಡನೆ ತಿರುಗುವ ಹಲ್ಲಿನ ಚಕ್ರವೊಂದಿದೆ. ಅನೇಕ ಕಾರುಗಳಲ್ಲಿ 60 ಹಲ್ಲುಗಳ ಜಾಗದಲ್ಲಿ 58 ಮಾತ್ರ ಇರುತ್ತವೆ. ಎರಡು ಹಲ್ಲುಗಳ ಆ ತೆರಪೇ ಶಾಫ್ಟಿನ ಸ್ಥಾನವನ್ನು ಸೂಚಿಸುವ ಗುರುತು. ಎದುರಿಗಿರುವ ಸೆನ್ಸರ್ ಹಲ್ಲುಗಳನ್ನು ಗ್ರಹಿಸಿ ತಂತಿಯ ಮೂಲಕ ಕಂಪ್ಯೂಟರಿಗೆ ವರದಿ ಮಾಡುತ್ತದೆ. ಚಕ್ರ, ಸೆನ್ಸರ್, ಕನೆಕ್ಟರ್, ತಂತಿ, ಕಂಪ್ಯೂಟರ್: ಇವುಗಳಲ್ಲಿ ಯಾವುದು ಕೆಟ್ಟರೂ ದೂರು ಒಂದೇ.

ಕೋಡನ್ನು ಪೂರ್ತಿಯಾಗಿ ಓದುವುದೂ ಮುಖ್ಯ. ಪಿ 0322 ಇಗ್ನಿಷನ್ ವರ್ಗದ ದೂರು. ಪಿ 0727 ಗೇರ್‌ಬಾಕ್ಸ್ ವರ್ಗದ್ದು. ಎರಡನೆಯದು ಕಾಣಿಸಿಕೊಂಡಾಗ ಎಂಜಿನ್ ಸುಸೂತ್ರವಾಗಿ ಓಡುತ್ತಾ ಆರ್‌ಪಿಎಂ ಮುಳ್ಳು ಸರಿಯಾಗಿದ್ದರೆ, ಮೊದಲು ಅನುಮಾನಿಸಬೇಕಾದುದು ಗೇರ್‌ಬಾಕ್ಸಿನ ಕಂಪ್ಯೂಟರಿಗೆ ಸುದ್ದಿ ಒಯ್ಯುವ ದಾರಿಯನ್ನು.

ನನ್ನ ಸೋದರಳಿಯನ ಕಾರು ಬಿಸಿಯಾದಾಗಲೆಲ್ಲ ನಿಲ್ಲುತ್ತಿತ್ತು. ಒಂದು ಗ್ಯಾರೇಜಿನಲ್ಲಿ ಎರಡು ಬಾರಿ ಸೆನ್ಸರ್ ಬದಲಿಸಿದರು. ಮೂರನೆಯ ಸಲ ಬೇರೊಬ್ಬ ಮೆಕ್ಯಾನಿಕ್ ತಂತಿಯನ್ನು ಬೆರಳಿನಿಂದ ಸವರುತ್ತಾ ಹೋಗಿ, ಎಂಜಿನ್ನಿಗೆ ಉಜ್ಜಿ ಸವೆದ ಜಾಗವನ್ನು ಕಂಡುಹಿಡಿದರು. ಸೆನ್ಸರ್ ಮೊದಲಿನಿಂದಲೂ ನಿರಪರಾಧಿ!

ಪರೀಕ್ಷೆಗೊಂದು ಕ್ರಮವಿದೆ. ಸ್ಟಾರ್ಟರ್ ತಿರುಗಿಸುವಾಗ ಸ್ಕ್ಯಾನರಿನಲ್ಲಿ ಆರ್‌ಪಿಎಂ ಕಾಣುತ್ತದೆಯೇ ನೋಡಬೇಕು. ಬ್ಯಾಟರಿ ದುರ್ಬಲವಾಗಿದ್ದರೆ ಎಂಜಿನ್ ನಿಧಾನವಾಗಿ ತಿರುಗಿ, ಅಯಸ್ಕಾಂತ ಬಗೆಯ ಸೆನ್ಸರಿನ ಸಂಕೇತವೂ ಕ್ಷೀಣಿಸುತ್ತದೆ. ಅನಂತರ ಕನೆಕ್ಟರಿನ ತುಕ್ಕು, ಎಣ್ಣೆ, ಇಲಿ ಕಡಿದ ತಂತಿ, ಸೆನ್ಸರಿನ ತುದಿಗೆ ಅಂಟಿದ ಕಬ್ಬಿಣದ ಪುಡಿ. ಹಾಲ್ ಬಗೆಯದಾದರೆ ಅದಕ್ಕೆ ವಿದ್ಯುತ್ ಪೂರೈಕೆಯೂ ಅರ್ತಿಂಗೂ ಸರಿಯಿವೆಯೇ ಎಂಬುದು. ಬಿಸಿಯಲ್ಲಿ ಮಾತ್ರ ತಲೆದೋರುವ ದೋಷವನ್ನು ಬಿಸಿಯಲ್ಲೇ ಪರೀಕ್ಷಿಸಬೇಕು.

ದೋಷವೆಲ್ಲ ಮೆಕ್ಯಾನಿಕ್‌ಗಳದೇ ಅಲ್ಲ. ಹೊಸ ಭಾಗಕ್ಕೆ ಹಣ ಕೊಡುವ ನಾವು ಒಂದು ಗಂಟೆಯ ಪರೀಕ್ಷೆಗೆ ಕೂಲಿ ಕೊಡಲು ಗೊಣಗುತ್ತೇವೆ. ಬುದ್ಧಿಗೆ ಬೆಲೆಯಿಲ್ಲದ ಕಡೆ ಬಿಡಿಭಾಗಗಳೇ ಮಾರಾಟವಾಗುತ್ತವೆ. ಇದು ಕೇವಲ ಹಣದ ಮಾತೂ ಅಲ್ಲ. ಹೆದ್ದಾರಿಯಲ್ಲಿ ಎಂಜಿನ್ ನಿಂತರೆ ಪವರ್ ಸ್ಟೀರಿಂಗ್ ಭಾರವಾಗಬಹುದು. ಎರಡು-ಮೂರು ಬಾರಿ ತುಳಿದ ಮೇಲೆ ಬ್ರೇಕೂ ಗಡುಸಾಗುತ್ತದೆ. ಒಳಗೆ ಮಕ್ಕಳು ಕುಳಿತಿರುತ್ತಾರೆ.

ನಿಮ್ಮಲ್ಲಿ ಗ್ಯಾರೇಜು ನಡೆಸುವವರಿದ್ದೀರಿ, ಕಾರು ಕೊಂಡವರಂತೂ ಅನೇಕರು. ಬದಲಿಸುವ ಮುನ್ನ ‘ಇದೇ ಕೆಟ್ಟಿದೆಯೆಂದು ಹೇಗೆ ತಿಳಿಯಿತು?’ ಎಂದು ಒಬ್ಬರು ಕೇಳಲಿ, ಇನ್ನೊಬ್ಬರು ಬೇಸರಿಸದೆ ತೋರಿಸಲಿ. ಗಣಿತದಲ್ಲಿ ಉತ್ತರವೊಂದನ್ನೇ ಬರೆದವರಿಗೆ ನಾನು ಪೂರ್ಣ ಅಂಕ ಕೊಡುತ್ತಿರಲಿಲ್ಲವೆಂಬುದು ನಿಮಗೆ ನೆನಪಿರಬಹುದು.